ಟಿಪ್ಸ್ ಆದ ಮೇಲೆ ಬುದ್ಧಿ ಮಂಕಾಗದಂತೆ

ರಾಜಾಜಿನಗರದ ಓದುಗರೊಬ್ಬರು ಬರೆದಿದ್ದಾರೆ: ಲಿವರ್ ಸಿರೋಸಿಸ್ ಇರುವ ನಮ್ಮ ತಂದೆಯವರ ಹೊಟ್ಟೆಯಿಂದ ಎರಡು ವಾರಕ್ಕೊಮ್ಮೆ ನೀರು ತೆಗೆಸುತ್ತಿದ್ದೇವೆ. ಈಗ ವೈದ್ಯರು ಟಿಪ್ಸ್ (TIPS, ಲಿವರ್‌ನೊಳಗೆ ಸ್ಟೆಂಟ್ ಎಂಬ ಕೊಳವೆ ಕೂರಿಸುವ ಚಿಕಿತ್ಸೆ) ಮಾಡಿಸಲು ಹೇಳಿದ್ದಾರೆ. ಅದಾದ ಮೇಲೆ ಬುದ್ಧಿ ಮಂಕಾಗುತ್ತದೆ, ಈಗಿನಿಂದಲೇ ಬೇಳೆ, ಮೊಸರು ನಿಲ್ಲಿಸಿ ಎಂದು ಬಂಧುಗಳು ಹೆದರಿಸುತ್ತಿದ್ದಾರೆ. ಏನು ಮಾಡಲಿ?

ಸಂಪಾದಕರ ಉತ್ತರ: ಮಾನ್ಯರೇ, ಬಂಧುಗಳ ಮೊದಲ ಮಾತಿನಲ್ಲಿ ನಿಜವಿದೆ, ಎರಡನೆಯದರಲ್ಲಿಲ್ಲ. ಕುತ್ತಿಗೆಯ ರಕ್ತನಾಳದ ಮೂಲಕ ಹೋಗಿ ಲಿವರ್‌ನೊಳಗೆ ಸ್ಟೆಂಟ್ ಕೂರಿಸಿದಾಗ ಕರುಳಿನಿಂದ ಲಿವರ್‌ಗೆ ರಕ್ತ ಒಯ್ಯುವ ಪೋರ್ಟಲ್ ರಕ್ತನಾಳದ ಒತ್ತಡ ಇಳಿದು ಹೊಟ್ಟೆಯ ನೀರು ಕಡಿಮೆಯಾಗುತ್ತದೆ; ಆದರೆ ಕರುಳಿನಿಂದ ಬರುವ ರಕ್ತ ಲಿವರ್‌ನಲ್ಲಿ ಶುದ್ಧಿಯಾಗದೆ ಮುಂದೆ ಹರಿಯುವುದರಿಂದ ಅದರಲ್ಲಿನ ಅಮೋನಿಯಾ ಮಿದುಳನ್ನು ತಲುಪಿ ಬುದ್ಧಿ ಮಂಕಾಗಿಸಬಹುದು. ತಡೆಯುವ ಕೆಲಸ ಚಿಕಿತ್ಸೆಗೆ ಮೊದಲೇ ಶುರುವಾಗಬೇಕು.

ತಂದೆಯವರು ಈ ಹಿಂದೆ ಒಮ್ಮೆಯಾದರೂ ದಿಕ್ಕು ತಪ್ಪಿದವರಂತೆ ಮಾತನಾಡಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬೇಡಿ. ಟಿಪ್ಸ್ ಬೇಕೇ ಬೇಡವೇ ಎಂಬುದೇ ಅದರ ಮೇಲೆ ನಿಂತಿರಬಹುದು. ಸ್ಟೆಂಟಿನ ವ್ಯಾಸವನ್ನು 10 ಮಿಲಿಮೀಟರ್ ಬದಲು 8 ಮಿಲಿಮೀಟರ್‌ಗೆ ಸೀಮಿತಗೊಳಿಸಬಹುದೇ ಎಂದೂ ಕೇಳಿ. ಕರುಳಿನಲ್ಲಿ ಕೆಲಸ ಮಾಡುವ ಆ್ಯಂಟಿಬಯೋಟಿಕ್ ಆದ ರಿಫಾಕ್ಸಿಮಿನ್ ಮಾತ್ರೆಯ ಬಗ್ಗೆ ಫ್ರಾನ್ಸಿನಲ್ಲಿ 197 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಟಿಪ್ಸ್‌ಗೆ ಎರಡು ವಾರ ಮೊದಲೇ ಆರಂಭಿಸಿ ಸುಮಾರು ಆರು ತಿಂಗಳು ಈ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 34 ಮಂದಿಗೆ ಮಿದುಳಿನ ತೊಂದರೆ ಕಾಣಿಸಿಕೊಂಡರೆ, ಔಷಧವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ಅದು ಶೇ. 53 ಆಗಿತ್ತು. ಪೂರ್ಣ ರಕ್ಷಣೆಯಲ್ಲದಿದ್ದರೂ ಇದು ಸಣ್ಣ ಅಂತರವಲ್ಲ.

ಇನ್ನು ಊಟ. ಸೋತ ಲಿವರ್‌ನ ಜೊತೆಗೆ ಅಮೋನಿಯಾವನ್ನು ತೆಗೆದುಹಾಕುವುದು ನಮ್ಮ ಸ್ನಾಯುಗಳು. ಪ್ರೋಟೀನ್ ನಿಲ್ಲಿಸಿದರೆ ಸ್ನಾಯು ಕರಗಿ ಅಪಾಯ ಹೆಚ್ಚುತ್ತದೆ. ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಬೇಳೆ ಸಾರು, ಹೆಸರುಕಾಳಿನ ಪಲ್ಯ, ಮೊಸರು ಇರಲಿ. ಉಪ್ಪು ಮಾತ್ರ ಮಿತವಾಗಿರಲಿ. ಇಡೀ ರಾತ್ರಿ ಹಸಿದಿರದಂತೆ ಮಲಗುವ ಮುನ್ನ ಒಂದು ಲೋಟ ಹಾಲು ಬೆರೆಸಿದ ರಾಗಿ ಗಂಜಿ ಕೊಡಿ. ಈ ಒಂದು ಲೋಟವನ್ನು ಮನೆಯವರು ಮರೆಯುವುದೇ ಹೆಚ್ಚು.

ಮಲಬದ್ಧತೆ ಇಲ್ಲಿ ಸಣ್ಣ ವಿಷಯವಲ್ಲ. ವೈದ್ಯರು ಲ್ಯಾಕ್ಟುಲೋಸ್ ಸಿರಪ್ ಬರೆದುಕೊಟ್ಟರೆ ದಿನಕ್ಕೆ ಎರಡು ಮೂರು ಬಾರಿ ಮೆತ್ತಗೆ ಮಲವಿಸರ್ಜನೆಯಾಗುವಷ್ಟು ಅಳತೆಯಿರಲಿ. ಭೇದಿಯಾಗುವಷ್ಟು ಕುಡಿಸಿದರೆ ನೀರಿನಂಶ ಕಡಿಮೆಯಾಗಿ ಅದೇ ಮಂಕಿಗೆ ದಾರಿಯಾಗುತ್ತದೆ. ನಿದ್ದೆ ಬಾರದೆಂದು ಮೆಡಿಕಲ್ ಶಾಪ್‌ನಿಂದ ನಿದ್ರೆ ಮಾತ್ರೆಯನ್ನು ಎಂದಿಗೂ ತರಬೇಡಿ. ಜ್ವರ, ರಕ್ತ ವಾಂತಿ, ಕಪ್ಪು ಮಲ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮೊದಲ ಮೂರು ತಿಂಗಳು ಹೆಚ್ಚಿನ ಎಚ್ಚರ ಬೇಕು. ಒಂದು ನೋಟ್‌ಬುಕ್‌ನಲ್ಲಿ ಪ್ರತಿದಿನ ಬೆಳಿಗ್ಗೆ ಅವರಿಂದ ಸಹಿ ಹಾಕಿಸಿ. ಅಕ್ಷರ ಜಾರತೊಡಗಿದರೆ, ಹಗಲು ತೂಕಡಿಸಿ ರಾತ್ರಿ ಎಚ್ಚರವಾಗಿದ್ದರೆ, ಚಾಚಿದ ಅಂಗೈ ಹಕ್ಕಿಯ ರೆಕ್ಕೆಯಂತೆ ಬಡಿದುಕೊಂಡರೆ ಅದನ್ನು ವಯಸ್ಸಿನ ಮರೆವು ಎಂದುಕೊಂಡು ಸುಮ್ಮನಿರಬೇಡಿ, ಮಾನಸಿಕ ಕಾಯಿಲೆಯೆಂದು ನಿಮ್ಹಾನ್ಸ್ ಕಡೆಗೂ ಹೊರಡಬೇಡಿ. ಅದೇ ದಿನ ಲಿವರ್ ವೈದ್ಯರಿಗೆ ಫೋನ್ ಮಾಡಿ. ಮದ್ದಿಗೆ ಬಗ್ಗದೆ ತೊಂದರೆ ಮರುಕಳಿಸುತ್ತಲೇ ಇದ್ದರೆ ಸ್ಟೆಂಟನ್ನು ಕಿರಿದುಗೊಳಿಸುವ ಅವಕಾಶವೂ ಇದೆ. ಅದನ್ನೂ ಚಿಕಿತ್ಸೆಗೆ ಮೊದಲೇ ಕೇಳಿ ತಿಳಿದುಕೊಳ್ಳಿ.