ಬಂಗಾರಪೇಟೆ ದಾಟಿದ್ದೇ ಗೊತ್ತಾಗಲಿಲ್ಲ

(ಅವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ನನ್ನ ಬಳಿ ಬಂದ ಆ ಮಹಿಳೆಗೆ 43 ವರ್ಷ. ಮನೆ ಬಂಗಾರಪೇಟೆಯಲ್ಲಿ, ಕೆಲಸ ಬೆಂಗಳೂರಿನ ಒಂದು ಕಚೇರಿಯಲ್ಲಿ. ದಿನಾ ರೈಲು. ಕೋಲಾರದ ನನ್ನ ಆಪ್ತಸಮಾಲೋಚನೆ ಕೊಠಡಿಗೆ ಒಬ್ಬರೇ ಬಂದರು. ಕುರ್ಚಿಯ ತುದಿಯಲ್ಲಿ ಕೂತು, "ಮೇಡಂ, ನನ್ನ ತಲೆ ಸರಿ ಇದೆಯಾ ನೋಡಿ ಹೇಳಿ" ಎಂದರು.

ಆಗಿದ್ದು ಇಷ್ಟು. ಒಂದು ಸಂಜೆ ಮಾರಿಕುಪ್ಪಂ ರೈಲಿನಲ್ಲಿ ಓದುತ್ತಾ ಕೂತಿದ್ದರು. ಬಂಗಾರಪೇಟೆ ಬಂತು. ದೊಡ್ಡ ಜಂಕ್ಷನ್, ಬೋಗಿ ಅರ್ಧ ಖಾಲಿಯಾಗುತ್ತೆ. ಆ ಗದ್ದಲದಲ್ಲೂ ಇವರು ತಲೆ ಎತ್ತಲಿಲ್ಲ. ಕಿಟಕಿಯಾಚೆ ನೋಡಿದಾಗ ಬಂಗಾರಪೇಟೆ ದಾಟಿ ಊರ್ಗಾಂ ನಿಲ್ದಾಣ. ಯಜಮಾನರು ಬೈಕ್ ತಂದು ಕರೆದುಕೊಂಡು ಹೋದರು. ಏನಾಯ್ತು ಅಂದಿದ್ದಕ್ಕೆ, "ಕಣ್ಣು ಕತ್ತಲೆ ಬಂದ ಹಾಗಾಯ್ತು" ಅಂದುಬಿಟ್ಟರು. ಯಜಮಾನರು ಗಾಬರಿಯಾದರು. ಬಿಪಿ, ಶುಗರ್, ಥೈರಾಯ್ಡ್ ಎಲ್ಲಾ ಪರೀಕ್ಷೆ ಆಯಿತು. ಎಲ್ಲಾ ಸರಿಯಿತ್ತು. ಸುಳ್ಳು ಮಾತ್ರ ಹಾಗೇ ಉಳಿಯಿತು.

"ಏನು ಓದ್ತಿದ್ರಿ?" ಎಂದೆ. ಬ್ಯಾಗಿನಿಂದ ದಪ್ಪ ಪುಸ್ತಕ ತೆಗೆದರು. ಶಾಲೆ ಪುಸ್ತಕದ ಹಾಗೆ ಬೈಂಡ್ ಹಾಕಿತ್ತು. ಮೂಲೆಗಳನ್ನು ಮಡಚಿ ಅಂಟಿಸಿದ್ದರು. ಮೇಲೆ ಲೇಬಲ್ಲೂ ಇತ್ತು, ಹೆಸರು ಬರೆದಿರಲಿಲ್ಲ. ಒಳಗಿದ್ದದ್ದು ಹತ್ತನೇ ಕ್ಲಾಸಿನ ಮಗಳು ಓದಿ ಮುಗಿಸಿದ್ದ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿ. ಹದಿನೇಳರ ಹುಡುಗಿ, ಕತ್ತಿ, ಕುದುರೆ, ಯುದ್ಧ.

ಕಥೆ ಹೇಳಿ ಎಂದೆ. ಮೊದಲು ನಾಚಿದರು. ಆಮೇಲೆ ನಿಲ್ಲಲೇ ಇಲ್ಲ. ತೋಳಿಗೆ ಗಾಯವಾಗಿದೆ, ಆ ಹುಡುಗಿ ಬಟ್ಟೆಯನ್ನು ಹಲ್ಲಲ್ಲಿ ಕಚ್ಚಿ ಎಳೆದು ತಾನೇ ಕಟ್ಟಿಕೊಳ್ಳುತ್ತಾಳೆ. ಸೇನಾಪತಿ ಮನೆಗೆ ಹೋಗು ಅನ್ನುತ್ತಾನೆ. ಅವಳು ಕುದುರೆ ಕೊಡಿ ಅಂತಾಳೆ, ಅಷ್ಟೇ. ಅದನ್ನು ಹೇಳುವಾಗ ಇವರು ವ್ಯಾನಿಟಿ ಬ್ಯಾಗಿನ ಹಿಡಿಯನ್ನು ಲಗಾಮಿನ ಹಾಗೆ ಬಿಗಿಯಾಗಿ ಹಿಡಿದಿದ್ದರು. ಕುರ್ಚಿಯ ತುದಿ ಬಿಟ್ಟು ಪೂರ್ತಿ ಒರಗಿ ಕೂತಿದ್ದರು.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಒಳಗೆ ಯಾವುದೋ ಹಳೇ ನೋವು, ನುಂಗಿದ ಸಿಟ್ಟು ಇರಲೇಬೇಕು ಅಂದುಕೊಂಡು ಕೆದಕತೊಡಗಿದೆ. ತವರಿನಲ್ಲಿ ಹೇಗಿತ್ತು? ಅತ್ತೆ ಹೇಗೆ? ಯಜಮಾನರು ಬೈತಾರಾ? ತಾಳ್ಮೆಯಿಂದ ಉತ್ತರ ಕೊಟ್ಟರು. ಕೊನೆಗೆ, "ಮೇಡಂ, ಅಂಥದ್ದೇನೂ ಇಲ್ಲ. ಸುಮ್ನೆ ತುಂಬಾ ಚೆನ್ನಾಗಿದೆ ಅದು" ಎಂದರು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ದಿನ ಈ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಖುಷಿಯೂ ಒಂದು ಕಾಯಿಲೆಯ ಲಕ್ಷಣ ಅಂತ ನೋಡುವ ಅಭ್ಯಾಸ ನಮ್ಮ ವೃತ್ತಿಯಲ್ಲಿ ಜಾಸ್ತಿ.

ನೋವಿದ್ದದ್ದು ಪುಸ್ತಕದಲ್ಲಲ್ಲ, ಬೈಂಡಿನಲ್ಲಿ. "ಈ ವಯಸ್ಸಲ್ಲಿ ಮಕ್ಕಳ ಕಥೆ ಓದೋದಾ ಅಂತಾರೆ ಅಲ್ವಾ?" ಎಂದು ಕೇಳಿದರು. ನಾನು ಒಂದು ಲೆಕ್ಕ ಹೇಳಿದೆ. ಇಂಥ ಪುಸ್ತಕಗಳನ್ನು ಯಂಗ್ ಅಡಲ್ಟ್ ಅಂತ ಕರೆದು 12ರಿಂದ 17 ವಯಸ್ಸಿನವರಿಗೆ ಅಂತಲೇ ಅಚ್ಚು ಹಾಕುತ್ತಾರೆ. ಆದರೆ ಪುಸ್ತಕ ಮಾರುಕಟ್ಟೆಯ ಲೆಕ್ಕ ಇಡುವ ಬೌಕರ್ ಎಂಬ ಸಂಸ್ಥೆ 2012ರಲ್ಲಿ ಅಮೆರಿಕದಲ್ಲಿ ನೋಡಿದಾಗ, ಕೊಳ್ಳುವವರಲ್ಲಿ 55% ಮಂದಿ 18 ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿನವರೇ ಆಗಿದ್ದರು. ಹೆಚ್ಚಿನವರು ಕೊಂಡದ್ದು ತಾವೇ ಓದಲಿಕ್ಕೆ.

ಅವರು ನಕ್ಕರು. ಆದರೆ ಮನಸ್ಸು ಹಗುರಾಗಿದ್ದು ಈ ಲೆಕ್ಕದಿಂದಲ್ಲ. ಅವರ ಅಜ್ಜಿ ಮನೆ ಮಾಲೂರಿನಲ್ಲಿ. ಚಿಕ್ಕವರಿದ್ದಾಗ ಕರಗದ ರಾತ್ರಿ ನಿದ್ದೆಗೆಟ್ಟು ಕಾಯುತ್ತಿದ್ದರಂತೆ, ಆಗ ಅಜ್ಜಿ ಕರಗದ ಕಥೆ ಹೇಳುತ್ತಿದ್ದರಂತೆ. ಪಾಂಡವರು ಸ್ವರ್ಗಕ್ಕೆ ಹೊರಟಾಗ ದ್ರೌಪದಿ ಹಿಂದೆ ಉಳಿಯುತ್ತಾಳೆ, ತಿಮಿರಾಸುರ ಎದುರಾಗುತ್ತಾನೆ, ಅವಳು ಶಕ್ತಿಯಾಗಿ ನಿಂತು ವೀರಕುಮಾರರನ್ನು ಹುಟ್ಟಿಸಿ ಅವನನ್ನು ಸೋಲಿಸುತ್ತಾಳೆ. "ಅಜ್ಜಿ ಅದನ್ನ ಹೇಳುವಾಗ ಅಜ್ಜಿಗೆ ಅರವತ್ತಾಗಿತ್ತು. ಯಾರೂ ನಗಲಿಲ್ಲ" ಎಂದರು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ಕೂತಿದ್ದೆವು.

ನಾನು ಕೊಟ್ಟ ಸಲಹೆ ಹೀಗಿತ್ತು. ಓದು ನಿಲ್ಲಿಸಬೇಡಿ. ಬಂಗಾರಪೇಟೆಗೆ ಮುಂಚೆ ಬರುವ ಟೇಕಲ್ ನಿಲ್ದಾಣ ಬಂದ ಕೂಡಲೇ ಪುಸ್ತಕ ಮುಚ್ಚಿ, ಇಳಿಯುವವರೆಗೆ ತೆಗೆಯಬೇಡಿ. ರಾತ್ರಿ ಓದುವಾಗ ಅಧ್ಯಾಯ ಮುಗಿಸಿ ಮಲಗೋಣ ಅಂದುಕೊಳ್ಳಬೇಡಿ. ಅಧ್ಯಾಯದ ಕೊನೆಯನ್ನು ಸಾಮಾನ್ಯವಾಗಿ ಬರೆಯುವುದೇ ಮುಂದಿನ ಪುಟಕ್ಕೆ ಎಳೆಯಲು. ನಡುವೆ, ಮಾತುಕತೆ ತಣ್ಣಗಿರುವ ಕಡೆ ನಿಲ್ಲಿಸಿದರೆ ಪುಸ್ತಕ ಕೆಳಗಿಡುವುದು ಸುಲಭ. ಎರಡು ವಾರ ಸರಿಯಾಗಿ ನಿದ್ದೆ ಬಾರದಿದ್ದರೆ, ಕೆಲಸ, ಊಟ, ಮಾತು ಯಾವುದೂ ಬೇಡ ಅನ್ನಿಸಿ ಬರೀ ಪುಸ್ತಕದೊಳಗೇ ಇರಬೇಕು ಅನ್ನಿಸಿದರೆ ತಡಮಾಡದೆ ಬನ್ನಿ, ಇಲ್ಲವೇ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಯಜಮಾನರಿಗೆ ಈ ವಾರವೇ ನಿಜ ಹೇಳಿ. ಅವರು ಹೆದರಿದ್ದಾರೆ, ಅವರನ್ನು ಹಾಗೇ ಬಿಡುವುದು ನ್ಯಾಯವಲ್ಲ.

ಒಂದು ಮಾತನ್ನು ಒತ್ತಿ ಹೇಳಿದೆ. ಮಗಳ ಜೊತೆ ಪುಸ್ತಕದ ಬಗ್ಗೆ ಮಾತಾಡಿ, ಆದರೆ ಅದನ್ನು ಪಾಠ ಮಾಡಬೇಡಿ. "ನೋಡು, ಅವಳಷ್ಟು ಧೈರ್ಯವಾಗಿ ಪರೀಕ್ಷೆ ಬರಿ" ಅಂತ ಒಂದು ಸಲ ಅಂದರೆ ಸಾಕು, ಆ ಹುಡುಗಿಗೆ ಆ ಪುಸ್ತಕವೇ ಬೇಡವಾಗುತ್ತೆ. ನಿಮಗೆ ಯಾವ ಪುಟ ಇಷ್ಟವಾಯಿತೋ ಅದನ್ನಷ್ಟೇ ಹೇಳಿ.

ಮೂರು ವಾರ ಬಿಟ್ಟು ಬಂದರು. ಯಜಮಾನರಿಗೆ ಬೇಜಾರಾಗಿತ್ತು, ಪುಸ್ತಕಕ್ಕಲ್ಲ, ಸುಳ್ಳಿಗೆ. ಎರಡು ದಿನ ಸರಿಯಾಗಿ ಮಾತಾಡಲಿಲ್ಲವಂತೆ. ಆಮೇಲೆ, "ಊರ್ಗಾಂ ತನಕ ಹೋಗೋವಂಥದ್ದು ಏನಿತ್ತು ಅದರಲ್ಲಿ?" ಎಂದು ಅವರೇ ಕೇಳಿದರಂತೆ.

ಮಗಳಿಗೆ ಮೊದಲೇ ಗೊತ್ತಿತ್ತು. ಎರಡನೇ ಭಾಗವನ್ನು ಒಂದು ತಿಂಗಳ ಹಿಂದೆಯೇ ಶೆಲ್ಫಿನಲ್ಲಿ ಮೊದಲ ಭಾಗ ಇದ್ದ ಜಾಗದಲ್ಲೇ ಇಟ್ಟಿದ್ದಳು. "ಅಮ್ಮ, ನೀನೇ ನೋಡಲಿಲ್ಲ" ಎಂದಳಂತೆ. ಈಗ ಅದು ಇವರ ಬ್ಯಾಗಿನಲ್ಲಿದೆ. ಬೈಂಡ್ ಇಲ್ಲ.