ಹಾವಸೆ ಪ್ರಯೋಗ ಮನೆಯಲ್ಲೇ ಮಾಡಬಹುದಾ?

ನೀವು ಕೇಳಿದ್ದು: ಗದಗದಲ್ಲಿದ್ದೇವೆ, ಎಂಟನೇ ಕ್ಲಾಸಿನ ಮಗಳಿಗೆ ವಿಜ್ಞಾನ ಪ್ರದರ್ಶನ ಇದೆ. ಬಿಸಿಲು, ನೀರು ಬದಲಾದರೆ ಹಾವಸೆ ಏನಾಗುತ್ತದೆ ಅಂತ ಮನೆಯಲ್ಲೇ ತೋರಿಸಬಹುದಾ?

ತೋರಿಸಬಹುದು. ಧಾರವಾಡದಲ್ಲಿ ಹೋದ ಮಳೆಗಾಲ ನಾನು ಇದನ್ನೇ ಮಾಡಿದೆ. ಮೊದಲ ಸಲ ಪೂರ್ತಿ ಕೆಡಿಸಿದೆ.

ಹಿತ್ತಲ ಕಂಪೌಂಡ್ ಗೋಡೆಯಿಂದ ಹಳೇ ಚಾಕುವಿನಲ್ಲಿ ಹಾವಸೆ ಎಬ್ಬಿಸಿದೆ. 5 ಸೆಂ.ಮೀ. ಉದ್ದಗಲದ ತುಂಡು ಮಾಡಿ, ಸ್ವೀಟ್ ಅಂಗಡಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೆಮ್ಮಣ್ಣು ಹಾಕಿ ಒತ್ತಿಟ್ಟೆ. ಅವ್ವ ನೋಡಿ, "ಮಂದಿ ಹಾವಸಿ ತಿಕ್ಕಿ ತಗೀತಾರ, ನೀ ಡಬ್ಬ್ಯಾಗ ಸಾಕಾಕತ್ತೀಯಲ್ಲೋ!" ಅಂದಳು.

ಒಂದು ಡಬ್ಬಿ ಟೆರೇಸಿನ ಬಿಸಿಲಿಗೆ, ಒಂದು ಅಡುಗೆಮನೆ ಕಿಟಕಿಗೆ. ಟೆರೇಸಿನದಕ್ಕೆ ಅಲ್ಲೇ ಇದ್ದ ನಳದಿಂದ ಬೋರ್‌ವೆಲ್ ನೀರು, ಕಿಟಕಿಯದಕ್ಕೆ ಸೂರಿನಡಿ ಬಕೆಟ್ ಇಟ್ಟು ಹಿಡಿದ ಮಳೆನೀರು. ಟೆರೇಸಿನದು ಕಂದಾಯಿತು. ಬಿಸಿಲಿಗೋ, ನೀರಿಗೋ? ಹೇಳೋಕೆ ಬರಲಿಲ್ಲ. ಎರಡನ್ನೂ ಒಟ್ಟಿಗೆ ಬದಲಿಸಿ ಕೂತಿದ್ದೆನಲ್ಲ!

ಎರಡನೇ ಸಲ ಒಂದೊಂದು ಡಬ್ಬಿಗೆ ಒಂದೇ ಬದಲಾವಣೆ, ಉಳಿದದ್ದೆಲ್ಲ ಕಿಟಕಿ ಡಬ್ಬಿಯ ಹಾಗೇ. ಮುಚ್ಚಳದ ಮೇಲೆ ಮಾರ್ಕರಿನಿಂದ 1 ಸೆಂ.ಮೀ. ಚೌಕ ಎಳೆದು, ಪ್ರತಿ ಭಾನುವಾರ 25ರಲ್ಲಿ ಎಷ್ಟು ಚೌಕ ಹಸಿರಿದೆ ಅಂತ ಎಣಿಸಿದೆ.

ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಇಟ್ಟದ್ದು ಎರಡು ವಾರ ಗಟ್ಟಿಯಾಗಿತ್ತು, ಆಮೇಲೆ ಬಿಳಚಿಕೊಂಡು ಸಣಕಲಾಗಿ ಉದ್ದಕ್ಕೆ ಬೆಳೆಯಿತು. ಇಂಟರ್ನೆಟ್ಟಿನಲ್ಲಿ ಮಜ್ಜಿಗೆ ಹಾಕಿ ಅನ್ನುತ್ತಾರೆ, ನಂಬಬೇಡಿ. ನನ್ನದಕ್ಕೆ ಮೂರೇ ದಿನಕ್ಕೆ ಬೂಷ್ಟು ಬಂತು, ವಾಸನೆ ಬೇರೆ. ಎರೆಮಣ್ಣಿನ ಮೇಲೆ ಇಟ್ಟದ್ದು ಒಮ್ಮೆ ಒಣಗಿತು ನೋಡಿ, ಮಣ್ಣು ನಮ್ಮ ಹೊಲದ ಹಾಗೇ ಬಿರುಕು ಬಿಟ್ಟು ತುಂಡೇ ಎದ್ದು ಬಂತು.

ನನಗೆ ಜಾಸ್ತಿ ಹಿಡಿಸಿದ್ದು ಬೋರ್‌ವೆಲ್ ನೀರಿನ ಡಬ್ಬಿ. ಅದೇ ಕಿಟಕಿ, ಅದೇ ಮಣ್ಣು. ನಾಲ್ಕನೇ ವಾರಕ್ಕೆ ಎಲೆ ತುದಿಗಳಲ್ಲಿ ಬಿಳಿ ಪುಡಿ ಕೂತಿತ್ತು, ಗೀಸರ್ ಕಾಯಿಲ್ ಮೇಲೆ ಕೂರುತ್ತದಲ್ಲ, ಅದೇ ಸುಣ್ಣ. ಹಾವಸೆಗೆ ನಿಜವಾದ ಬೇರಿಲ್ಲ. ಇರುವ ಕೂದಲೆಳೆಯಂಥವು ಮುಖ್ಯವಾಗಿ ಹಿಡಿದುಕೊಳ್ಳೋಕೆ. ನೀರನ್ನು ಅದು ಹೆಚ್ಚಾಗಿ ಎಲೆಯಿಂದಲೇ ಹೀರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಸುಣ್ಣ ಎಲೆ ಮೇಲೆ ಉಳಿಯುತ್ತದೆ. ಆರನೇ ವಾರ ಮಳೆನೀರಿನದು 24 ಚೌಕ, ಇದು 13. ಬಿಸಿಲಿಗಿಂತ ಮೊದಲು ನೀರು ನೋಡಿ ಅಂತ ನಾನು ಹೇಳೋದು ಇದಕ್ಕೇ.

ಗದಗದಲ್ಲಿ ನಮಗಿಂತ ಒಣ ಹವೆ. ಹಾಗಾಗಿ ಮುಚ್ಚಳ ಹಾಕಿ, ಗಾಳಿಗೆ ಸ್ವಲ್ಪ ಸಂದಿ ಬಿಡಿ. ಮಳೆನೀರು ಸಿಗದಿದ್ದರೆ ಆರ್‌ಓ ನೀರು ನಡೆಯುತ್ತದೆ. ಪ್ರತಿಯೊಂದಕ್ಕೂ ಮೂರು ಡಬ್ಬಿ ಇಡಿ. ನಾನು ಒಂದೊಂದೇ ಇಟ್ಟಿದ್ದೆ, ತುಂಡೇ ಮೊದಲಿಂದ ಬಡಕಲಾಗಿದ್ದರೆ ಗೊತ್ತಾಗೋದಿಲ್ಲ ಅಲ್ವಾ? ಆರು ವಾರವಾದರೂ ಬೇಕು. ಹಾವಸೆ ಮನೆ ಗೋಡೆಯಿಂದ ತಗೊಳ್ಳಿ, ಲಕ್ಕುಂಡಿ ಗುಡಿ ಕಲ್ಲಿಗೆ ಚಾಕು ಹಾಕಬೇಡಿ ಮತ್ತೆ!

ಅಂದ ಹಾಗೆ, ಟೆರೇಸಿನ ಆ ಕಂದು ತುಂಡನ್ನು ಸತ್ತಿತು ಅಂತ ಎಸೆಯಲು ಹೋಗಿದ್ದೆ. ಮಳೆಹನಿ ಬಿದ್ದದ್ದೇ ತಡ, ಮುದುಡಿದ ಎಲೆಗಳು ಕಣ್ಣೆದುರೇ ಬಿಚ್ಚಿಕೊಂಡು ಹಸಿರಾದವು. ಅಂಥದ್ದೊಂದು ಒಣ ತುಂಡು, ಒಂದು ಡ್ರಾಪರ್ ಮಗಳ ಟೇಬಲ್ ಮೇಲೆ ಇರಲಿ. ಹನಿ ಹಾಕೋದನ್ನು ನೋಡೋಕೆ ಬಂದವರಿಗೇ ಬಿಡಿ.