ಬಯೋಡೇಟಾದಲ್ಲಿ ಸಂಬಳ ಕಡಿಮೆ ಬರೆಯಬೇಕೇ?

ಪ್ರಶ್ನೆ: ನನಗೆ 30 ವರ್ಷ. ದಾವಣಗೆರೆಯ ಮನೆಯಿಂದಲೇ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೆ ಕೆಲಸ ಮಾಡುತ್ತೇನೆ. ಸಂಬಳ 95 ಸಾವಿರ. ಅಪ್ಪನ ಮನೆ ಸಾಲದ ಕಂತು ನಾನೇ ಕಟ್ಟುತ್ತೇನೆ. ಸಂಬಳ ಕೇಳಿದ ಮೇಲೆ ಗಂಡಿನ ಕಡೆಯವರು ಸುಮ್ಮನಾಗಿಬಿಡುತ್ತಾರೆ. ಈಗ ಚಿತ್ರದುರ್ಗದ ಸಂಬಂಧ ಬಂದಿದೆ. ಹುಡುಗ ಉಪನ್ಯಾಸಕ, ಸಂಬಳ ನನ್ನದರ ಅರ್ಧ. 40 ಸಾವಿರ ಅಂತ ಬರೆಯೋಣ ಎನ್ನುತ್ತಾರೆ ಅಮ್ಮ. ಏನು ಮಾಡಲಿ?

ಉತ್ತರ: ಸುಳ್ಳು ಬರೆಯಬೇಡಿ.

ಅಮ್ಮನ ಭಯಕ್ಕೆ ಕಾರಣವಿದೆ. ದಿವಾ ಧರ್ ಎಂಬ ಸಂಶೋಧಕಿ ನಮ್ಮ ದೇಶದ ಮ್ಯಾಟ್ರಿಮೊನಿ ತಾಣವೊಂದರಲ್ಲಿ ಕಾಲ್ಪನಿಕ ಪ್ರೊಫೈಲ್‌ಗಳನ್ನು ಹಾಕಿ ನೋಡಿದರು. ಕೆಲಸಕ್ಕೇ ಹೋಗದ ಹುಡುಗಿಗೆ 100 ಗಂಡಸರು ಆಸಕ್ತಿ ತೋರಿಸಿದರೆ, ಕೆಲಸದಲ್ಲಿರುವವಳಿಗೆ ತೋರಿಸಿದವರು 78ರಿಂದ 85. ಅಮೆರಿಕದಲ್ಲೂ ಈ ಅಳುಕಿದೆ. ಗಂಡನಿಗಿಂತ ಸ್ವಲ್ಪ ಜಾಸ್ತಿ ದುಡಿಯುವ ಹೆಂಡತಿಯರ ಸಂಖ್ಯೆ ಅಲ್ಲಿ ಥಟ್ಟನೆ ಇಳಿಯುತ್ತದೆ ಎಂದು 2015ರ ಅಧ್ಯಯನವೊಂದು ತೋರಿಸಿತು. ಹಾಗಾಗಿ ನಿಮ್ಮಲ್ಲೇ ಏನೋ ಕೊರತೆ ಇದೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಧರ್ ಅವರ ಲೆಕ್ಕದಲ್ಲೂ ಹಿಂದೆ ಸರಿದವರು ಕೆಲವರೇ ಅಲ್ವಾ?

ಮುಚ್ಚಿಟ್ಟ ಸಂಬಳ ಹೊರಗೆ ಬಂದೇ ಬರುತ್ತದೆ. ನಾಳೆ ಇಬ್ಬರೂ ಸೇರಿ ಸಾಲಕ್ಕೆ ಅರ್ಜಿ ಹಾಕಿದರೆ ಬ್ಯಾಂಕಿನವರು ಇಬ್ಬರ ಸಂಬಳದ ಚೀಟಿಯನ್ನೂ ಕೇಳುತ್ತಾರೆ. ಆಗ ಅವನಿಗೆ ನೋವಾಗುವುದು ನೀವು ಮುಚ್ಚಿಟ್ಟಿದ್ದಕ್ಕೆ.

ನನಗೆ ಜಾಸ್ತಿ ಚಿಂತೆ ಇರುವುದು ಆ ಕಂತಿನದು. ಎಷ್ಟೋ ಮನೆಗಳಲ್ಲಿ ಸೊಸೆ ದುಡಿಯಲಿ ಅಂತಾರೆ, ಆದರೆ ದುಡಿದದ್ದು ತವರಿಗೆ ಹೋದರೆ ಮುಖ ಸಿಂಡರಿಸುತ್ತಾರೆ. ನಿಶ್ಚಿತಾರ್ಥಕ್ಕೆ ಮೊದಲೇ ಹುಡುಗನ ಹತ್ತಿರ ಒಬ್ಬರೇ ಮಾತಾಡಿ. ಕುಂದವಾಡ ಕೆರೆ ಏರಿ ಮೇಲೆ ನಡೆಯುತ್ತಾ ಮಾತಾಡಿದರೂ ಆಯ್ತು. ಕಂತು ಎಷ್ಟು, ಇನ್ನೆಷ್ಟು ವರ್ಷ, ಮದುವೆ ಆದ ಮೇಲೂ ನೀವೇ ಕಟ್ಟುವಿರಿ ಎಂಬುದನ್ನು ಬಿಡಿಸಿ ಹೇಳಿ. ಕಂಪನಿ ಬೆಂಗಳೂರಿಗೆ ಕರೆದರೆ ಏನು ಮಾಡೋಣ ಅಂತಲೂ ಕೇಳಿ. ಅವನಿಗೂ ಅಳುಕಿದ್ದರೆ ಹೇಳಿಕೊಳ್ಳಲು ಬಿಡಿ. ಅಳುಕಿದ್ದೂ ಬಾಯಿಬಿಟ್ಟು ಮಾತಾಡುವವನ ಜೊತೆ ಬಾಳಬಹುದು.

ಸಂಬಳ ಕೇಳಿ ತುಂಬಾ ಖುಷಿಪಡುವವರ ಬಗ್ಗೆಯೂ ಹುಷಾರಾಗಿರಿ. ‘ಹುಡುಗಿ ದುಡೀತಾಳಲ್ಲ, ಕಾರು ನಿಮ್ಮ ಕಡೆಯಿಂದಲೇ ಆಗಲಿ’ ಅಂದರೆ ಅದು ವರದಕ್ಷಿಣೆ. ಹಾಗೆ ಕೇಳುವುದೇ 1961ರ ಕಾಯ್ದೆಯಡಿ ಅಪರಾಧ.

ಅಮ್ಮನಿಗೆ ಸಮಾಧಾನ ಆಗಬೇಕಾದರೆ ಬಯೋಡೇಟಾದಲ್ಲಿ ಸಂಬಳದ ಜಾಗ ಖಾಲಿ ಬಿಡಿ, ತಪ್ಪಿಲ್ಲ. ಮೊದಲ ಭೇಟಿಯಲ್ಲಿ ನೀವೇ ಬಾಯಿಬಿಟ್ಟು ಹೇಳಿ, 95 ಸಾವಿರ ಅಂತಲೇ.